ಒಟ್ಟೊ ಕೋನಿಗ್ಸ್‌ಬರ್ಗರ್: ಗಾಳಿ–ನೆರಳಿನ ವಾಸ್ತುಶಿಲ್ಪಿ

ಸುವರ್ಣ ಮಹೋತ್ಸವದ ಸಂಚಿಕೆಗೆ ಮಹನೀಯರೊಬ್ಬರ ಜೀವನ ಬರೆಯಬೇಕೆಂದಾಗ ನಾನು ಆರಿಸಿಕೊಂಡದ್ದು ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್ ಅವರನ್ನು. ಶಾಲೆಯ ಕೋಣೆಯಲ್ಲಿ ದಿನವಿಡೀ ಕೂರುವ ನಮಗೆ ಅವರ ವಿಚಾರ ಬಹಳ ಹತ್ತಿರದ್ದು.

ಅವರು ಹುಟ್ಟಿದ್ದು 1908ರಲ್ಲಿ, ಬರ್ಲಿನ್ನಿನಲ್ಲಿ. ಹಾನ್ಸ್ ಪೋಲ್ಜಿಗ್ ಅವರಲ್ಲಿ ವಾಸ್ತುಶಿಲ್ಪ ಕಲಿತರು. 1933ರಲ್ಲಿ ಶಿಂಕೆಲ್ ಪ್ರಶಸ್ತಿ ಬಂತು. ಆದರೆ ಅದೇ ವರ್ಷ ಹಿಟ್ಲರನ ಆಡಳಿತ ಬಂದು, ಯಹೂದಿ ಮೂಲದವರೆಂಬ ಕಾರಣಕ್ಕೆ ಕೆಲಸ ಹೋಯಿತು. ಈಜಿಪ್ಟಿಗೆ ಹೋಗಿ ಪ್ರಾಚೀನ ಕಟ್ಟಡಗಳನ್ನು ಅಭ್ಯಾಸ ಮಾಡಿದರು. 1939ರಲ್ಲಿ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಮುಖ್ಯ ವಾಸ್ತುಶಿಲ್ಪಿಯಾದರು. ಆಗ ನಮ್ಮ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು.

ಕಟ್ಟಡವೆಂದರೆ ಬರೀ ಗೋಡೆಯಲ್ಲ, ಗೋಡೆಗಳ ನಡುವೆ ಮನುಷ್ಯನಿಗೆ ಸಿಗುವ ಜಾಗ. ಆ ಜಾಗದ ಗುಣವನ್ನು ಬಿಸಿಲು, ಗಾಳಿ, ನೆರಳು ನಿರ್ಧರಿಸುತ್ತವೆ. ಅವರ ಕೆಲಸದಿಂದ ನಾನು ತಿಳಿದದ್ದು ಇದು. ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುವುದರಿಂದ ದಕ್ಷಿಣದ ಕಿಟಕಿಗೆ ಸಣ್ಣ ಛಜ್ಜಾ ಸಾಕು. ಪೂರ್ವ–ಪಶ್ಚಿಮದ ಬಿಸಿಲು ಓರೆಯಾಗಿ ಒಳಗೆ ನುಗ್ಗುತ್ತದೆ, ಅದನ್ನು ಛಜ್ಜಾ ತಡೆಯದು. ಆದ್ದರಿಂದ ಉದ್ದದ ಗೋಡೆಗಳು ಉತ್ತರ–ದಕ್ಷಿಣಕ್ಕೆ ಮುಖಮಾಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ರೂಪಿಸಿದ ಲೋಹಶಾಸ್ತ್ರ ಮತ್ತು ವಿಮಾನಶಾಸ್ತ್ರ ವಿಭಾಗಗಳ ಕಟ್ಟಡಗಳು ಇಂದಿಗೂ ಹೆಸರಾಗಿವೆ.

1948ರಲ್ಲಿ ಭುವನೇಶ್ವರ ನಗರದ ಯೋಜನೆ ಸಿದ್ಧಪಡಿಸಿದರು. ಅದೇ ವರ್ಷ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು. ದೇಶ ವಿಭಜನೆಯಿಂದ ನಿರಾಶ್ರಿತರಾದವರಿಗೆ ಮನೆ ಬೇಕಿದ್ದ ಕಾಲವದು. ಕಾರ್ಖಾನೆಯಲ್ಲಿ ಗೋಡೆ ತಯಾರಿಸಿ ಮನೆ ಜೋಡಿಸುವ ದೆಹಲಿಯ ಯೋಜನೆ ಕೈಗೂಡಲಿಲ್ಲ. 1951ರಲ್ಲಿ ಲಂಡನ್ನಿಗೆ ತೆರಳಿದರು. ಆದರೂ ಭಾರತದಲ್ಲಿ ಕಲಿತದ್ದನ್ನು ಬಿಡಲಿಲ್ಲ. ಉಷ್ಣವಲಯದ ವಾಸ್ತುಶಿಲ್ಪವನ್ನು ಅನೇಕ ದೇಶಗಳ ವಿದ್ಯಾರ್ಥಿಗಳಿಗೆ ಕಲಿಸಿದರು, ಸಂಗಡಿಗರೊಂದಿಗೆ ಪಠ್ಯಪುಸ್ತಕ ಬರೆದರು. 1999ರಲ್ಲಿ ತೀರಿಕೊಂಡರು.

ಬೆಂಗಳೂರಿನ ಕಟ್ಟಡವನ್ನು ಕೊಡ್ಲಿಯಲ್ಲಿ ಹಾಗೆಯೇ ಕಟ್ಟಿದರೆ ಅದು ಅವರ ವಿಚಾರಕ್ಕೇ ವಿರುದ್ಧ. ನಮ್ಮದು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಒಣ ಸೀಮೆ. ಇಲ್ಲಿ ದಪ್ಪ ಕಲ್ಲಿನ ಗೋಡೆಗೆ ಬಿಸಿಲಿನ ಕಾವು ಒಳಗೆ ಇಳಿಯಲು ತಾಸುಗಟ್ಟಲೆ ಬೇಕು. ಅಷ್ಟರಲ್ಲಿ ಸಂಜೆಯ ಗಂಟೆ ಬಾರಿಸಿರುತ್ತದೆ. ಹಗಲು ಮಾತ್ರ ನಡೆಯುವ ಶಾಲೆಗೆ ಇದಕ್ಕಿಂತ ಒಳ್ಳೆಯ ಗೋಡೆ ಯಾವುದು? ನಮ್ಮ ಹಿರಿಯರು ಕಲ್ಲಿನ ಮನೆ, ಅಂಗಳ, ಪಡಸಾಲೆಯಲ್ಲಿ ಇದನ್ನು ಮೊದಲೇ ಸಾಧಿಸಿದ್ದರು. ಬರಿಯ ತೆಳು ಕಾಂಕ್ರೀಟ್ ಚಾವಣಿಯ ಕೆಳಗೆ ಏಪ್ರಿಲ್ ತಿಂಗಳಲ್ಲಿ ಮಕ್ಕಳ ಗಮನ ಪಾಠದ ಮೇಲೆ ನಿಲ್ಲುವುದಿಲ್ಲ.

ಮುಂದೆ ನಮ್ಮ ಶಾಲೆಗೆ ಹೊಸ ಕೋಣೆ ಕಟ್ಟುವವರು ಬುನಾದಿ ತೋಡುವ ಮುನ್ನ ಒಂದು ದಿನ ಆ ಜಾಗದಲ್ಲಿ ನಿಂತು, ಬಿಸಿಲು ಎತ್ತಲಿಂದ ಬರುತ್ತದೆ, ಗಾಳಿ ಎತ್ತಲಿಂದ ಬೀಸುತ್ತದೆ ಎಂದು ನೋಡಲಿ. ಅದಕ್ಕೆ ಖರ್ಚೇನೂ ಇಲ್ಲ.