ಆನಂದಪುರದ ತಂದೆ: ಹೆರ್ಮನ್ ಮೋಗ್ಲಿಂಗ್ ಪಂಡಿತರ ಜೀವನಸ್ಮರಣೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಪ್ರಾಂತ್ಯಗಳ ಕಾಫಿ ಮಲೆಗಳು ವಲಸೆ ಬಂದವರ ನಾಡು. ಕಾಫಿಯ ಗಿಡವೇ ಇಲ್ಲಿ ಪರದೇಶದ್ದು. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಅರಬಸ್ತಾನದಿಂದ ಅದರ ಬೀಜಗಳನ್ನು ಚಂದ್ರದ್ರೋಣ ಪರ್ವತಕ್ಕೆ ತಂದರೆಂದು ಐತಿಹ್ಯವುಂಟು. ಆ ಗಿಡದ ಹಿಂದೆಯೇ ತೋಟದ ದೊರೆಗಳೂ ಮೇಸ್ತ್ರಿಗಳೂ ರೈಟರುಗಳೂ ಆಳುಗಳೂ ಬಂದರು. ಕೆಲವರು ಘಟ್ಟದ ಕೆಳಗಿನಿಂದ, ಕೆಲವರು ಬಯಲುಸೀಮೆಯಿಂದ, ಕೆಲವರು ತಮಿಳು ನಾಡಿನಿಂದ ಬಂದವರು. ಈ ಮಲೆಗಳ ಕ್ರೈಸ್ತ ಕುಟುಂಬಗಳಲ್ಲಿಯೂ ಅನೇಕವು ಹೀಗೆಯೇ ಬಂದು ನೆಲೆಸಿದವು. ಅಂತಹ ಪ್ರತಿಯೊಂದು ಮನೆಯಲ್ಲಿಯೂ ಮೊದಲು ಗಂಟುಮೂಟೆ ಹೊತ್ತು ಘಟ್ಟವೇರಿದ ಒಬ್ಬ ಹಿರಿಯರ ಹೆಸರನ್ನು ಭಕ್ತಿಯಿಂದ ನೆನೆಯುವುದುಂಟು. ಆದುದರಿಂದ ನೆರೆಯ ಕೊಡಗಿನ ಕಾಫಿ ಮಲೆಯಲ್ಲಿ ಪರರನ್ನು ತನ್ನವರನ್ನಾಗಿ ಮಾಡಿಕೊಂಡು ಮನೆ ಕಟ್ಟಿದ ಒಬ್ಬ ವಲಸೆಗಾರರ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿನಿಯರ ಮುಂದೆ ಇಡಬಯಸುತ್ತೇವೆ. ಇವರೇ ಹೆರ್ಮನ್ ಮೋಗ್ಲಿಂಗ್ ಪಂಡಿತರು. ಕನ್ನಡದ ಪ್ರಥಮ ಪತ್ರಿಕೆಯ ಸಂಪಾದಕರೆಂದು ಇವರನ್ನು ನಾಡೆಲ್ಲ ಬಲ್ಲದು. ತಂದೆಯೆಂದು ಬಲ್ಲವರು ಕಡಮೆ.

ಮೋಗ್ಲಿಂಗರು 1811ರಲ್ಲಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ ಜನಿಸಿದರು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೈವಶಾಸ್ತ್ರವನ್ನು ವ್ಯಾಸಂಗ ಮಾಡಿದ ಇವರಿಗೆ ಸ್ವದೇಶದಲ್ಲಿಯೇ ಸುಖವಾದ ಪಾಲಕವೃತ್ತಿ ದೊರೆಯಬಹುದಾಗಿತ್ತು. ಆದರೆ ಕರ್ತನ ಕರೆಯು ದೂರದೇಶದ್ದೆಂದು ನಂಬಿ ಬಾಸೆಲ್ ಮಿಶನನ್ನು ಸೇರಿ, 1836ರಲ್ಲಿ ಕರಾವಳಿಗೆ ಬಂದಿಳಿದರು. ಆ ಮಿಶನಿನ ಮೊದಲ ಬೋಧಕರು ಮಂಗಳೂರಿಗೆ ಬಂದು ಆಗ ಎರಡೇ ವರ್ಷಗಳಾಗಿದ್ದವು. ಮೋಗ್ಲಿಂಗರು ಕನ್ನಡವನ್ನು ಶ್ರದ್ಧೆಯಿಂದ ಕಲಿತು, ಹುಡುಗರಿಗೆ ಪಾಠ ಹೇಳುತ್ತಾ, ಮುಂದಿನ ಉಪದೇಶಕರನ್ನು ಸಿದ್ಧಪಡಿಸುವ ಕೆಲಸದಲ್ಲಿ ತೊಡಗಿದರು.

ಪಾಠ ಹೇಳುವವರಿಗೆ ಪುಸ್ತಕಗಳು ಬೇಕು. ಅಂದು ಅಚ್ಚಾದ ಕನ್ನಡ ಪುಸ್ತಕಗಳು ಬಹು ವಿರಳ. 1841ರಲ್ಲಿ ಮಂಗಳೂರಿನಲ್ಲಿ ಮಿಶನಿನ ಕಲ್ಲಚ್ಚಿನ ಮುದ್ರಣಾಲಯವು ಸ್ಥಾಪಿತವಾಯಿತು. ಅಲ್ಲಿಂದ 1843ನೆಯ ಜುಲೈ 1ರಂದು ಮೋಗ್ಲಿಂಗರು ಮಂಗಳೂರ ಸಮಾಚಾರವೆಂಬ ಪಾಕ್ಷಿಕವನ್ನು ಹೊರಡಿಸಿದರು. ಮರುವರ್ಷ ಅದು ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರವೆಂಬ ಹೆಸರನ್ನು ತಳೆಯಿತು. ಇಂದಿಗೂ ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಮುಂದೆ, ಕಾಸಾಮೇಜರ್ ಎಂಬ ಕಂಪನಿ ಸರಕಾರದ ನಿವೃತ್ತ ಅಧಿಕಾರಿಯ ಧನಸಹಾಯದಿಂದ, 1848ರಿಂದ 1853ರ ವರೆಗೆ ಬಿಬ್ಲಿಯೊಥೆಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದ ಗ್ರಂಥಗಳನ್ನು ಅಚ್ಚು ಹಾಕಿಸಿದರು. ತನ್ನ ನಂಬಿಕೆಯಲ್ಲಿ ಅಚಲವಾಗಿದ್ದ ಬೋಧಕರೊಬ್ಬರು ಅನ್ಯರ ಭಕ್ತಿಗ್ರಂಥಗಳನ್ನು ಓಲೆಗರಿಗಳಿಂದ ಎತ್ತಿ ಉಳಿಸಿದ್ದನ್ನು ನಾವು ಗಮನಿಸಬೇಕು. ಒಂದು ಜನಾಂಗದ ನಡುವೆ ಮನೆಯವರಂತೆ ಬಾಳಬೇಕಾದರೆ ಆ ಮನೆಯ ಹಿರಿಯರು ಹಾಡಿದ್ದನ್ನೂ ಬರೆದಿಟ್ಟದ್ದನ್ನೂ ಮೊದಲು ಅರಿಯಬೇಕಷ್ಟೆ. ಈ ಸೇವೆಗಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು 1858ರಲ್ಲಿ ಇವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು.

ಇನ್ನು ಇವರ ಕುಟುಂಬದ ವಿಚಾರ. ಇವರ ಮೊದಲ ಮಗನು ರಕ್ತಸಂಬಂಧದಿಂದ ಬಂದವನಲ್ಲ. 1825ರಲ್ಲಿ ಜನಿಸಿದ ಆನಂದರಾವ್ ಕೌಂಡಿನ್ಯರೆಂಬ ಸಾರಸ್ವತ ಬ್ರಾಹ್ಮಣ ತರುಣರು ಮಂಗಳೂರಿನಲ್ಲಿ ಓದುತ್ತಿದ್ದಾಗ ಸುವಾರ್ತೆಯನ್ನು ಅಂಗೀಕರಿಸಿ, 1844ನೆಯ ಜನವರಿಯಲ್ಲಿ ಮತ್ತಿಬ್ಬರು ಸಂಗಡಿಗರೊಡನೆ ದೀಕ್ಷಾಸ್ನಾನವನ್ನು ಹೊಂದಿದರು. ಊರಿನಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ಅಂದಿನ ಕಾಲದಲ್ಲಿ ಇಂತಹ ಹೆಜ್ಜೆಯಿಟ್ಟವನಿಗೆ ಹೆತ್ತವರ ಮನೆ, ಊಟದ ಪಂಕ್ತಿ, ಬಂಧುಬಳಗ ಎಲ್ಲವೂ ಒಂದೇ ದಿನದಲ್ಲಿ ಇಲ್ಲವಾಗುತ್ತಿದ್ದವು. ಮಗನನ್ನು ಕಳೆದುಕೊಂಡ ಆ ಮನೆಯ ದುಃಖವೂ ಸಣ್ಣದಲ್ಲ. ಅದನ್ನು ಮರೆತು ಈ ಕಥೆಯನ್ನು ಹೇಳುವುದು ನ್ಯಾಯವಲ್ಲ. ಮನೆಯನ್ನು ಕಳೆದುಕೊಂಡ ತರುಣರಿಗೆ ಮೋಗ್ಲಿಂಗರೇ ತಂದೆಯಾದರು. ಕೌಂಡಿನ್ಯರು ಹೆರ್ಮನ್ ಎಂಬ ಅವರ ಹೆಸರನ್ನೇ ತಾವೂ ಧರಿಸಿದರು. 1846ರಲ್ಲಿ ಅವರೊಡನೆ ಯೂರೋಪಿಗೆ ತೆರಳಿ, ಬಾಸೆಲಿನಲ್ಲಿ ಕಲಿತು, 1851ರಲ್ಲಿ ಬೋಧಕರಾಗಿ ಅಭಿಷಿಕ್ತರಾದರು.

1852ರ ಸುಮಾರಿಗೆ ಮೋಗ್ಲಿಂಗರು ಸ್ವದೇಶಕ್ಕೆ ಹಿಂದಿರುಗಲು ಅಣಿಯಾಗಿದ್ದರು. ಆಗ ಕೊಡಗಿನ ಅಲ್ಮಂಡ ಮನೆತನದ ಸೋಮಯ್ಯ ಎಂಬವರು ಮಂಗಳೂರಿಗೆ ಬಂದು ದೀಕ್ಷೆಯನ್ನು ಬೇಡಿದರು. ಕೊಡಗು ಮಿಶನಿನ ಯೋಜನೆಯಲ್ಲಿ ಇದ್ದಿಲ್ಲ. ಮೋಗ್ಲಿಂಗರಾದರೋ ಇದನ್ನು ದೇವರ ಅಪ್ಪಣೆಯೆಂದೇ ತಿಳಿದು, ಪ್ರಯಾಣವನ್ನು ನಿಲ್ಲಿಸಿ, ಆತನ ಜೊತೆಗೆ ಘಟ್ಟವೇರಿದರು. 1853ರಲ್ಲಿ ಸೋಮಯ್ಯನವರು ಸ್ತೆಫಾನ ಎಂಬ ಹೆಸರಿನಿಂದ ಸಭೆಯನ್ನು ಸೇರಿದರು. ಮೋಗ್ಲಿಂಗರು ಕೊಡವರ ನಡೆನುಡಿಗಳನ್ನೂ ರಾಜರ ಚರಿತ್ರೆಯನ್ನೂ ಅಭ್ಯಾಸ ಮಾಡಿ ಜರ್ಮನ್ ಭಾಷೆಯಲ್ಲಿಯೂ ಇಂಗ್ಲಿಷಿನಲ್ಲಿಯೂ ಗ್ರಂಥಗಳನ್ನು ಬರೆದರು. ಆ ವೀರಜನಾಂಗವು ತಮ್ಮ ಮಾತಿಗೆ ಕಿವಿಗೊಡುವುದೆಂಬ ನಿರೀಕ್ಷೆ ಅವರಿಗಿತ್ತು.

ಆದರೆ ಬಂದವರು ಬೇರೆಯವರು. ತಲೆತಲಾಂತರದಿಂದ ಒಡೆಯರ ಗದ್ದೆಗಳಲ್ಲಿ ಆಳುಗಳಾಗಿ ದುಡಿಯುತ್ತಾ, ಅಸ್ಪೃಶ್ಯರೆಂದು ದೂರವಿಡಲ್ಪಟ್ಟಿದ್ದ ಜನರು ಬಾಗಿಲಲ್ಲಿ ನಿಂತರು. 1843ರ ಕಾಯಿದೆಯು ಕಂಪನಿಯ ಆಳ್ವಿಕೆಯಲ್ಲಿ ದಾಸ್ಯವನ್ನು ಮಾನ್ಯ ಮಾಡದಿದ್ದರೂ, ಭೂಮಿಯಿಲ್ಲದವನಿಗೆ ಕಾಗದದ ಸ್ವಾತಂತ್ರ್ಯದಿಂದ ಹೊಟ್ಟೆ ತುಂಬುವುದೇ? ಇವರನ್ನು ಸೇರಿಸಿಕೊಂಡರೆ ಒಡೆಯರ ಮನೆಗಳ ಬಾಗಿಲು ಮುಚ್ಚುವುದೆಂಬುದು ಮೋಗ್ಲಿಂಗರಿಗೆ ತಿಳಿಯದ ಸಂಗತಿಯಲ್ಲ. ಆದರೂ ಬಂದವರನ್ನು ಅವರು ಹಿಂದಕ್ಕೆ ಕಳುಹಿಸಲಿಲ್ಲ. ದಕ್ಷಿಣ ಕೊಡಗಿನಲ್ಲಿ ಅಮ್ಮತ್ತಿ, ಸಿದ್ದಾಪುರಗಳ ಕಡೆ ಕಾಡುಭೂಮಿಯನ್ನು ಪಡೆದು, 1850ರ ದಶಕದ ಕೊನೆಯಲ್ಲಿ ಆನಂದಪುರವೆಂಬ ಊರನ್ನು ಕಟ್ಟಿದರು. ಮನೆಗಳು, ಶಾಲೆ, ದೇವಾಲಯ, ಇವೆಲ್ಲಕ್ಕೂ ಆಧಾರವಾಗಿ ಒಂದು ಕಾಫಿ ತೋಟ. ಕೊಡಗಿನಲ್ಲಿ ಮೊದಲ ಯೂರೋಪಿಯನ್ ತೋಟವು 1854ರಲ್ಲಿ ಮಡಿಕೇರಿಯ ಬಳಿ ಆರಂಭವಾಗಿತ್ತಷ್ಟೆ. ಈ ಬೆಳೆ ಅಲ್ಲಿ ಇನ್ನೂ ಹೊಸದು. ತೋಟದ ಮನೆಗಳಲ್ಲಿ ಹುಟ್ಟಿದ ನಮ್ಮ ಬಾಲಕಿಯರಿಗೆ ಇದರ ಕಷ್ಟವನ್ನು ವಿವರಿಸಬೇಕಾಗಿಲ್ಲ. ಕಾಡು ಸವರಿ ಗಿಡ ನೆಟ್ಟ ಮೇಲೆ ಫಸಲು ಕಾಣಲು ಮೂರು ನಾಲ್ಕು ವರ್ಷಗಳು ಬೇಕು. ಅಷ್ಟರ ವರೆಗೆ ಪ್ರತಿ ವಾರವೂ ಕೂಲಿ ಕೊಡಲೇಬೇಕು, ಅಕ್ಕಿ ತರಲೇಬೇಕು. ಹಣದ ಚಿಂತೆಯು ಮೋಗ್ಲಿಂಗರನ್ನು ಬಹಳವಾಗಿ ಬಾಧಿಸಿತು.

ಈ ಭಾರವನ್ನು ಅವರೊಡನೆ ಹೊತ್ತ ಮಹಿಳೆಯನ್ನು ನಮ್ಮಂತಹ ಶಾಲೆಯ ಸಂಚಿಕೆಯಲ್ಲಿ ಬಿಟ್ಟುಬಿಡಲಾಗದು. ಮೋಗ್ಲಿಂಗರ ಬಂಧುವೂ ಸಹೋದ್ಯೋಗಿಯೂ ಆಗಿ, ಕನ್ನಡ ಸತ್ಯವೇದದ ಪರಿಷ್ಕರಣದಲ್ಲಿ ಶ್ರಮಿಸಿದ ವೈಗ್ಲರು 1855ರಲ್ಲಿ ತೀರಿಕೊಂಡರು. ಅವರ ವಿಧವೆ ಪೌಲೀನಾ ಅಮ್ಮನವರನ್ನು ಮೋಗ್ಲಿಂಗರು ಆಮೇಲೆ ವಿವಾಹವಾಗಿ, ತಂದೆಯಿಲ್ಲದ ಮಕ್ಕಳಿಗೆ ಆಶ್ರಯರಾದರು. ಒಬ್ಬ ಬೋಧಕರನ್ನು ಈ ದೇಶದ ಮಣ್ಣಿಗೆ ಒಪ್ಪಿಸಿದ ಆ ತಾಯಿಯು ಇನ್ನೊಬ್ಬರ ಸಂಗಡ ಮಲೆನಾಡಿನ ಮಳೆಗೂ ಜ್ವರಕ್ಕೂ ಎದುರಾಗಿ ನಿಂತರು. ಕಡೆಗೆ ಅವರ ಆರೋಗ್ಯವು ಕೆಟ್ಟಿತು. 1860ರಲ್ಲಿ ಕುಟುಂಬವು ಜರ್ಮನಿಗೆ ಹಿಂದಿರುಗಿತು. ಮೋಗ್ಲಿಂಗರು ಮತ್ತೆ ಕೊಡಗನ್ನು ನೋಡಲಿಲ್ಲ. 1881ನೆಯ ಮೇ ತಿಂಗಳಲ್ಲಿ ಎಸ್ಲಿಂಗನ್ ನಗರದಲ್ಲಿ ಕರ್ತನಲ್ಲಿ ನಿದ್ರಿಸಿದರು.

ಹಾಗಾದರೆ ಆನಂದಪುರದ ಗತಿಯೇನಾಯಿತು? ತಂದೆಯು ಬಿಟ್ಟುಹೋದ ಮನೆಯನ್ನು ಮಗನು ಹಿಡಿದುಕೊಂಡನು. ಕೌಂಡಿನ್ಯರು ಆ ತೋಟಕ್ಕೂ ಸಭೆಗೂ ಆಧಾರವಾದರು. 1860ರಲ್ಲಿ ಮಾರಿಯಾ ರೈನ್‌ಹಾರ್ಟ್ ಎಂಬ ಜರ್ಮನ್ ಕನ್ಯೆಯನ್ನು ವಿವಾಹವಾಗಿ, ತಾವೂ ದೊಡ್ಡ ಕುಟುಂಬಕ್ಕೆ ಹಿರಿಯರಾಗಿ, 1893ರಲ್ಲಿ ತೀರಿಕೊಳ್ಳುವ ವರೆಗೂ ಮಂಗಳೂರು, ಕೊಡಗುಗಳ ಸೇವೆಯಲ್ಲಿಯೇ ಇದ್ದರು. ಆನಂದಪುರವು ಇಂದಿಗೂ ಅದೇ ಹೆಸರಿನ ಊರಾಗಿ ಉಳಿದಿದೆ.

ಮೋಗ್ಲಿಂಗರನ್ನು ದೋಷವಿಲ್ಲದ ಮಹಾತ್ಮರೆಂದು ಚಿತ್ರಿಸುವುದು ನಮ್ಮ ಉದ್ದೇಶವಲ್ಲ. ಪೋಷಕರೂ ಬೋಧಕರೂ ತೋಟದ ಒಡೆಯರೂ ಒಬ್ಬರೇ ಆಗಿರುವಲ್ಲಿ, ಆಶ್ರಿತರು ತಮ್ಮ ಕಾಲ ಮೇಲೆ ನಿಲ್ಲುವುದು ನಿಧಾನವಾಗುತ್ತದೆ. ಇದು ಅಂದಿನ ಮಿಶನ್ ನೆಲೆಗಳೆಲ್ಲವುಗಳ ಕೊರತೆ. ಲೆಕ್ಕಪತ್ರದಲ್ಲಿಯೂ ಅವರ ವಿಶ್ವಾಸವು ಅವರ ಕೈಚೀಲಕ್ಕಿಂತ ದೊಡ್ಡದಾಗಿತ್ತು. ಆದರೆ ತಾವು ಎದುರುನೋಡಿದವರು ಬಾರದೆ, ಎದುರುನೋಡದಿದ್ದವರು ಬಂದಾಗ, ಅವರು ಬಾಗಿಲನ್ನು ಮುಚ್ಚಲಿಲ್ಲ. ಹಿರಿತನವೆಂದರೆ ಇದೇ ಎಂದು ನಾವು ಎಣಿಸುತ್ತೇವೆ.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಗಳಲ್ಲಿಯೂ ಘಟ್ಟವೇರಿ ಬಂದ ಹಿರಿಯರಿದ್ದಾರೆ. ಅವರು ಎಲ್ಲಿಂದ ಬಂದರು, ಯಾರ ಮನೆಯಲ್ಲಿ ಮೊದಲ ರಾತ್ರಿ ತಂಗಿದರು, ಯಾರು ಅವರಿಗೆ ಅನ್ನವಿಕ್ಕಿದರು ಎಂಬುದನ್ನು ನಿಮ್ಮ ಅಜ್ಜಿಯರನ್ನು ಕೇಳಿ ಬರೆದಿಡಿರಿ. ಹೊಸದಾಗಿ ಮಲೆಗೆ ಬಂದ ಕೂಲಿಯವರ ಮಗಳೊಬ್ಬಳು ನಿಮ್ಮ ತರಗತಿಗೆ ಬಂದಾಗ, ನಿಮ್ಮ ಬೆಂಚಿನಲ್ಲಿ ಅವಳಿಗೆ ಸ್ಥಳ ಮಾಡಿಕೊಡಿರಿ.