ದೊಡ್ಡ ಸ್ವಾಮಿಯೋರು: ಅಬ್ಬೆ ದ್ಯುಬ್ವಾ

ಮೈಸೂರು ಸೀಮೆಯ ಕ್ರೈಸ್ತ ಚರಿತ್ರೆಯಲ್ಲಿ ಚಿರಸ್ಮರಣೀಯವಾದ ಹೆಸರುಗಳ ಪೈಕಿ ವಂದನೀಯ ಅಬ್ಬೆ ದ್ಯುಬ್ವಾರವರ ಹೆಸರೂ ಒಂದು. ನಮ್ಮ ನಾಡಿನ ಆಚಾರವಿಚಾರಗಳನ್ನು ಕುರಿತು ಅವರು ಬರೆದ ಗ್ರಂಥವನ್ನು ವಿದ್ವಾಂಸರು ಬಲ್ಲರು. ಆದರೆ ಹಳ್ಳಿಯ ಬಡವರಿಗಾಗಿ ಅವರು ಪಟ್ಟ ಶ್ರಮವನ್ನು ಬಲ್ಲವರು ವಿರಳ.

ಫ್ರಾನ್ಸ್ ದೇಶದ ಸೇಂಟ್ ರೆಮೇಜ್ ಎಂಬ ಗ್ರಾಮದಲ್ಲಿ 1766ರಲ್ಲಿ ಜನಿಸಿದ ಇವರು 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯನ್ನು ಸೇರಿ, ಅದೇ ವರ್ಷ ಭಾರತಕ್ಕೆ ಹೊರಟರು. ಮೊದಲು ತಮಿಳು ಸೀಮೆಯಲ್ಲಿ ಸೇವೆ ಸಲ್ಲಿಸಿದರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ, ಟಿಪ್ಪುವಿನ ಕಾಲದಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸುವ ಹೊಣೆ ಅವರ ಪಾಲಿಗೆ ಬಂದಿತು. ಗಂಜಾಮಿನ ದೇವಾಲಯವು ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಅವರು ಪರದೇಶದವರಂತೆ ಬಾಳಲಿಲ್ಲ. ನಿಲುವಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿ, ಮಾಂಸಾಹಾರವನ್ನು ತ್ಯಜಿಸಿ, ಈ ನೆಲದವರ ನಡೆನುಡಿಗಳನ್ನು ರೂಢಿಸಿಕೊಂಡರು. ಜನರು ಅವರನ್ನು ಪ್ರೀತಿಯಿಂದ ದೊಡ್ಡ ಸ್ವಾಮಿಯೋರು ಎಂದು ಕರೆದರು.

ಆ ಕಾಲದಲ್ಲಿ ಸಿಡುಬು ಮನೆಮನೆಯನ್ನು ಬರಿದುಮಾಡುತ್ತಿತ್ತು. ಜನರು ಅದನ್ನು ಅಮ್ಮನೆಂದೇ ಕರೆದು, ದೇವಿಯು ಮೈಮೇಲೆ ಬಂದಳೆಂದು ಭಾವಿಸಿ, ಬೇವಿನ ಸೊಪ್ಪು ಕಟ್ಟಿ ಹರಕೆ ಹೊರುತ್ತಿದ್ದರು. ಅಂಥವರ ಮುಂದೆ, 1802ರಲ್ಲಷ್ಟೇ ಭಾರತಕ್ಕೆ ಬಂದಿದ್ದ ದೇವಿ ಹಾಕುವ ಹೊಸ ವಿಧಾನವನ್ನು ಇಟ್ಟು, ನಂಬಿ ಎಂದು ಹೇಳುವುದು ಸುಲಭದ ಮಾತಾಗಿರಲಿಲ್ಲ. ಜನರೊಡನೆ ಜನರಾಗಿ ಬಾಳಿದ ಸ್ವಾಮಿಗಳ ಮಾತಿಗೆ ಮನ್ನಣೆ ದೊರೆಯಿತು. 1803-04ರ ಅವಧಿಯಲ್ಲಿ 25 ಸಾವಿರಕ್ಕೂ ಮಿಗಿಲಾದ ಜನರಿಗೆ ದೇವಿ ಹಾಕಲಾಯಿತೆಂದು ದಾಖಲೆಯಿದೆ.

ಬಡತನದ ನಿವಾರಣೆಗೆ ಭೂಮಿಯೇ ದಾರಿಯೆಂದರಿತು ಅವರು ಕೃಷಿ ನೆಲೆಗಳನ್ನು ಸ್ಥಾಪಿಸಿದರು. ಹಾಸನದ ಸಮೀಪದ ಸಾತಳ್ಳಿ ಹಾಗೂ ಅದರ ಸುತ್ತಣ ಹಳ್ಳಿಗಳಲ್ಲಿ ಬೇರೂರಿದ ರೈತಾಪಿ ಕ್ರೈಸ್ತ ಸಮುದಾಯವು ಅವರು ನೆಟ್ಟ ಸಸಿಯೇ ಸರಿ.

ಅವರ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯು 2000 ವರಹಗಳಿಗೆ ಕೊಂಡು, ಅದರ ಇಂಗ್ಲಿಷ್ ಅನುವಾದವನ್ನು 1816ರಲ್ಲಿ ಪ್ರಕಟಿಸಿತು. ಅದರಲ್ಲಿ ಬಹುಭಾಗವು ಹಿಂದಿನ ಯೇಸುಸಭೆಯ ಗುರು ಕೇರ್ದೂರವರ ಬರಹವನ್ನು ಆಧರಿಸಿದೆಯೆಂದು 1987ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿಕೊಟ್ಟಿತು. ಈ ಸತ್ಯವನ್ನು ಮರೆಮಾಚಬೇಕಾಗಿಲ್ಲ. ಸ್ವಾಮಿಗಳ ಹಿರಿಮೆ ಆ ಪುಸ್ತಕವೊಂದರ ಮೇಲೆಯೇ ನಿಂತಿಲ್ಲ.

1823ರಲ್ಲಿ ಅವರು ಭಾರತವನ್ನು ಬಿಟ್ಟು ಸ್ವದೇಶಕ್ಕೆ ಮರಳಿದರು. ಅದೇ ವರ್ಷ ಪ್ರಕಟವಾದ ಅವರ ಪತ್ರಗಳಲ್ಲಿ ನಿರಾಶೆಯ ಛಾಯೆ ದಟ್ಟವಾಗಿದೆ. ಈ ದೇಶದಲ್ಲಿ ಧರ್ಮಪ್ರಚಾರವು ಫಲಿಸುವ ಕಾಲ ಇದಲ್ಲವೆಂಬುದೇ ಅವರ ಅಭಿಪ್ರಾಯವಾಗಿತ್ತು. ಮೂವತ್ತು ವರ್ಷಗಳ ತಮ್ಮ ದುಡಿಮೆಯನ್ನು ಅವರು ಅಷ್ಟು ಕಠಿಣವಾಗಿ ತೂಗಿದ್ದರು. ಮುಂದೆ 1836ರಿಂದ 1839ರವರೆಗೆ ತಮ್ಮ ಸಂಸ್ಥೆಯ ಶ್ರೇಷ್ಠರಾಗಿದ್ದು, 1848ರ ಫೆಬ್ರವರಿ 17ರಂದು ದೈವಾಧೀನರಾದರು.

ಬಿತ್ತಿದವನು ತನ್ನ ಹೊಲದ ಪೈರನ್ನು ಕಣ್ಣಾರೆ ಕಾಣದಿರಬಹುದು. ಸಿಡುಬು ಜಗತ್ತಿನಿಂದಲೇ ತೊಲಗಿತೆಂದು 1980ರಲ್ಲಿ ಘೋಷಣೆಯಾಯಿತು. ಸಾತಳ್ಳಿಯಲ್ಲಿ ವಿಶ್ವಾಸದ ದೀಪ ಇಂದಿಗೂ ಉರಿಯುತ್ತಿದೆ. ವಿಫಲನಾದೆನೆಂದು ನೊಂದು ಮರಳಿದ ಆ ಗುರುವಿನ ನೆನಪು, ನಮ್ಮ ದುಡಿಮೆಗೆ ಫಲ ಕಾಣದ ದಿನಗಳಲ್ಲಿ ನಮಗೆ ಧೈರ್ಯ ನೀಡಲಿ.