ಹಿರಿಯ ಪೋಷಕ ನಟ ಶ್ರೀ ಟಿ.ಎನ್. ಬಾಲಕೃಷ್ಣ (1911–1995)

ಕನ್ನಡ ಚಲನಚಿತ್ರರಂಗದ ಹಿರಿಯ ಪೋಷಕ ನಟರಲ್ಲಿ ಶ್ರೀ ಟಿ.ಎನ್. ಬಾಲಕೃಷ್ಣ ಅವರು ಪ್ರಮುಖರು. ಶ್ರೀಯುತರು 1911ರ ನವೆಂಬರ್ 2ರಂದು ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ ಜನಿಸಿದರು. ವೃತ್ತಿರಂಗಭೂಮಿಯಲ್ಲಿ ಪಳಗಿದ ಬಳಿಕ 1943ರಲ್ಲಿ ತೆರೆಕಂಡ 'ರಾಧಾರಮಣ' ಚಿತ್ರದ ಮೂಲಕ ಬೆಳ್ಳಿತೆರೆಯನ್ನು ಪ್ರವೇಶಿಸಿದರು.

ಬಾಲಕೃಷ್ಣ ಅವರಿಗೆ ಶ್ರವಣಶಕ್ತಿಯ ತೀವ್ರ ಕೊರತೆಯಿತ್ತು. ವಾಕ್ಚಿತ್ರದಲ್ಲಿ ಎದುರಿನ ಪಾತ್ರದ ಮಾತು ಮುಗಿದ ಕ್ಷಣಕ್ಕೇ ತನ್ನ ಮಾತು ಆರಂಭವಾಗಬೇಕು. ಹಾಸ್ಯ ದೃಶ್ಯಗಳಲ್ಲಂತೂ ಅರೆಕ್ಷಣ ತಡವಾದರೂ ನಗೆಯೇ ಹುಟ್ಟದು. ಸಹನಟರ ತುಟಿಗಳ ಚಲನೆ ಹಾಗೂ ಮುಖಭಾವಗಳನ್ನು ಗಮನಿಸಿಯೇ ಅವರು ಸಂಭಾಷಣೆಗೆ ಓಗೊಡುತ್ತಿದ್ದರು. ತೆರೆಯ ಮೇಲೆ ಅವರನ್ನು ಕಂಡ ಪ್ರೇಕ್ಷಕರಲ್ಲಿ ಅನೇಕರಿಗೆ ಈ ಸಂಗತಿಯ ಸುಳಿವೂ ದೊರೆಯುತ್ತಿರಲಿಲ್ಲ ಎಂಬುದೇ ಅವರ ಸಾಧನೆಯ ಅಳತೆ. ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅವರು ಅಭಿನಯಿಸಿದರು.

1950ರ ದಶಕದಲ್ಲಿ ಕನ್ನಡ ಚಿತ್ರಗಳ ನಿರ್ಮಾಣ ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳನ್ನು ಅವಲಂಬಿಸಿತ್ತು. ಕಲಾವಿದರಿಗೆ ವರ್ಷವಿಡೀ ಕೆಲಸ ದೊರೆಯುತ್ತಿರಲಿಲ್ಲ. ಆಗ ಡಾ. ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಹಾಗೂ ಬಾಲಕೃಷ್ಣ ಅವರು ಒಗ್ಗೂಡಿ ಕಲಾವಿದರ ಸಂಘವನ್ನು ಕಟ್ಟಿ, ಊರೂರುಗಳಲ್ಲಿ ನಾಟಕಗಳನ್ನು ಪ್ರದರ್ಶಿಸಿದರು. ಈ ನಾಲ್ವರ ಪರಿಶ್ರಮದಿಂದ 1960ರಲ್ಲಿ 'ರಣಧೀರ ಕಂಠೀರವ' ಚಿತ್ರ ಹೊರಬಂದಿತು.

ಹಾಸ್ಯ, ಖಳ, ಕರುಣಾರಸದ ಪಾತ್ರಗಳೆಲ್ಲವೂ ಅವರಿಗೆ ಸಲ್ಲುತ್ತಿದ್ದವು. 1972ರ 'ಬಂಗಾರದ ಮನುಷ್ಯ' ಚಿತ್ರದ ರಾಚೂಟಪ್ಪ ಕನ್ನಡಿಗರ ಮನದಲ್ಲಿ ಅಚ್ಚಳಿಯದೆ ಉಳಿದ ಪಾತ್ರ. ಬೇಸಾಯಕ್ಕೆ ಇಳಿದ ನಾಯಕ ರಾಜೀವನಿಗೆ ಬೆಂಬಲವಾಗಿ ನಿಲ್ಲುವ ಹಳ್ಳಿಯ ಹಿರಿಯನ ಈ ಪಾತ್ರವನ್ನು ಅವರು ಅತಿರೇಕವಿಲ್ಲದೆ ನಿರ್ವಹಿಸಿದರು. ಮರುವರ್ಷ ತೆರೆಕಂಡ 'ಗಂಧದ ಗುಡಿ'ಯಲ್ಲಿ ಅದೇ ನಟ ಖಳನಾಗಿ ಕಾಣಿಸಿಕೊಂಡರೂ ಪ್ರೇಕ್ಷಕರು ಒಪ್ಪಿದರು.

ಕನ್ನಡ ಚಿತ್ರಗಳು ಕನ್ನಡ ನೆಲದಲ್ಲೇ ತಯಾರಾಗಬೇಕೆಂಬ ಹಂಬಲದಿಂದ, 1960ರ ದಶಕದಲ್ಲಿ ಸರ್ಕಾರದಿಂದ ಮಂಜೂರಾದ ಸುಮಾರು 20 ಎಕರೆ ಜಮೀನಿನಲ್ಲಿ, ಬೆಂಗಳೂರಿನ ಕೆಂಗೇರಿ ಸಮೀಪ ಅವರು 'ಅಭಿಮಾನ್ ಸ್ಟುಡಿಯೋ' ಸ್ಥಾಪಿಸಿದರು. ದುಡಿದ ಹಣವನ್ನು ಅದಕ್ಕೇ ತೊಡಗಿಸಿದರು. ಒಬ್ಬ ಪೋಷಕ ನಟನ ಸಂಪಾದನೆಗೆ ಅದು ಮೀರಿದ ಹೊರೆಯಾಗಿತ್ತು. ಸಾಲದ ಬಾಧೆ ಅವರನ್ನು ದೀರ್ಘಕಾಲ ಕಾಡಿತು. ವಯಸ್ಸಾದ ಮೇಲೂ ಅವರು ನಟನೆಯನ್ನು ನಿಲ್ಲಿಸಲಿಲ್ಲ.

ಶ್ರೀ ಬಾಲಕೃಷ್ಣ ಅವರು 1995ರ ಜುಲೈ 19ರಂದು ನಿಧನರಾದರು. ಡಾ. ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರ 2009ರ ಡಿಸೆಂಬರ್‌ನಲ್ಲಿ ನೆರವೇರಿದ್ದು ಇದೇ ಅಭಿಮಾನ್ ಸ್ಟುಡಿಯೋದ ಆವರಣದಲ್ಲಿ. ಅಲ್ಲಿದ್ದ ಅವರ ಸಮಾಧಿಯನ್ನು 2025ರ ಆಗಸ್ಟ್‌ನಲ್ಲಿ ತೆರವುಗೊಳಿಸಲಾಯಿತು.